ಮಿಷನ್ ಆಸ್ಪತ್ರೆಯ ಹೆರಿಗೆ ಪುಸ್ತಕ ಹೇಳಿದ ಸಕ್ಕರೆ ಕಾಯಿಲೆಯ ಕತೆ

ಸಕ್ಕರೆ ಕಾಯಿಲೆಯ ಬಗ್ಗೆ ನಮ್ಮ ಕಡೆ ಎರಡು ಮಾತು ಬಹಳ ಕಾಲದಿಂದ ಓಡಾಡುತ್ತಿವೆ. ಅದು ಉಳ್ಳವರ ಕಾಯಿಲೆ ಅನ್ನುವುದು ಒಂದು. ಸಿಹಿ ಜಾಸ್ತಿ ತಿಂದವರಿಗೆ ಬರುತ್ತದೆ ಅನ್ನುವುದು ಇನ್ನೊಂದು.

ಆದರೆ ಹುಣಸೂರು, ಪಿರಿಯಾಪಟ್ಟಣದ ಕಡೆ ತಂಬಾಕು ಬ್ಯಾರನ್ ಮುಂದೆ ರಾತ್ರಿಯಿಡೀ ಬೆಂಕಿ ಹಾಕಿದವರಿಗೂ ಸಕ್ಕರೆ ಕಾಯಿಲೆ ಬಂದಿದೆ. ಕೆ.ಆರ್. ನಗರದ ಗದ್ದೆಯಲ್ಲಿ ನಾಟಿ ಹಾಕಿ ಸೊಂಟ ಬಗ್ಗಿದವರಿಗೂ ಬಂದಿದೆ. ಎಚ್.ಡಿ. ಕೋಟೆಯಲ್ಲಿ ಮಾತ್ರೆಗಾಗಿ ಸರತಿಯಲ್ಲಿ ನಿಲ್ಲುವವರಲ್ಲಿ ತೆಳ್ಳಗಿನ ಮೈಯವರೂ ಇದ್ದಾರೆ. ಇವರು ಉಳ್ಳವರೂ ಅಲ್ಲ, ದಿನಾ ಸಿಹಿ ತಿಂದವರೂ ಅಲ್ಲ. ಹಾಗಾದರೆ ಇವರಿಗೆ ಯಾಕೆ ಬಂತು?

ಈ ಪ್ರಶ್ನೆಗೆ ಪೂರ್ತಿ ಉತ್ತರ ಯಾರ ಹತ್ತಿರವೂ ಇಲ್ಲ. ಆದರೆ ಉತ್ತರದ ಒಂದು ದೊಡ್ಡ ತುಂಡು ಸಿಕ್ಕಿದ್ದು ನಮ್ಮ ಮೈಸೂರಿನಲ್ಲೇ. ಅದೂ ಹೊಸ ಯಂತ್ರದಿಂದಲ್ಲ, ನರ್ಸಮ್ಮಂದಿರು ಹೆರಿಗೆ ಕೋಣೆಯಲ್ಲಿ ಕೈಯಲ್ಲಿ ಬರೆದಿಟ್ಟ ಹಳೇ ದಾಖಲೆಗಳಿಂದ. ಆ ಕತೆಯನ್ನು ಇಲ್ಲಿ ಹೇಳುತ್ತಿದ್ದೇವೆ.

ಮೊದಲು ಕಾಯಿಲೆಯ ಬಗ್ಗೆ ಎರಡು ಮಾತು

ನಾವು ಉಂಡ ಮುದ್ದೆ, ಅನ್ನ ಹೊಟ್ಟೆಯಲ್ಲಿ ಕರಗಿ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಆ ಸಕ್ಕರೆ ರಕ್ತದಿಂದ ಮಾಂಸಖಂಡದೊಳಕ್ಕೆ ಹೋದರೆ ಮಾತ್ರ ಕೆಲಸಕ್ಕೆ ಶಕ್ತಿಯಾಗುತ್ತದೆ. ಒಳಗೆ ಹೋಗಲು ಬಾಗಿಲು ತೆಗೆಯುವುದು ಇನ್ಸುಲಿನ್ ಎಂಬ ಹಾರ್ಮೋನು. ಅದನ್ನು ತಯಾರಿಸುವುದು ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜ್ಜೀರಕ ಗ್ರಂಥಿ. ಇನ್ಸುಲಿನ್ ಸಾಲದೆ ಹೋದರೆ, ಅಥವಾ ಇದ್ದರೂ ಮೈ ಅದರ ಮಾತು ಕೇಳದೆ ಹೋದರೆ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಅದೇ ಸಕ್ಕರೆ ಕಾಯಿಲೆ.

ನಮ್ಮ ಹಳೇ ವೈದ್ಯರು ಇದನ್ನು ಮಧುಮೇಹ ಎಂದು ಗುರುತಿಸಿದ್ದರು. ಇನ್ಸುಲಿನ್ ಬೇರ್ಪಡಿಸಿ ಔಷಧಿಯಾಗಿ ಕೊಟ್ಟದ್ದು ಕೆನಡಾದ ಟೊರಾಂಟೊದಲ್ಲಿ, 1922ರ ಜನವರಿಯಲ್ಲಿ, 14 ವರ್ಷದ ಒಬ್ಬ ಹುಡುಗನಿಗೆ. ಅಲ್ಲಿಂದಾಚೆಗೆ ಜೀವ ಉಳಿಸುವ ದಾರಿ ಸಿಕ್ಕಿತು. ಆದರೆ ದೊಡ್ಡವರಾದ ಮೇಲೆ ಬರುವ ಸಕ್ಕರೆ ಕಾಯಿಲೆ ಯಾರಿಗೆ, ಯಾಕೆ ಬರುತ್ತದೆ ಎಂಬುದು ಹಾಗೇ ಉಳಿಯಿತು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಈ ಕಾಯಿಲೆ ಇದೆ. ಇನ್ನೂ 13.6 ಕೋಟಿ ಜನ ಅದರ ಹೊಸಿಲಲ್ಲಿ ನಿಂತಿದ್ದಾರೆ.

ಮಂಡಿ ಮೊಹಲ್ಲಾದ ಆಸ್ಪತ್ರೆ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಗೆ ಆ ಹೆಸರು ಹಿಡಿದು ಹೇಳುವವರು ಕಡಿಮೆ. ಜನರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. 1906ರಲ್ಲಿ ವೆಸ್ಲಿಯನ್ ಮಿಷನ್ನಿನವರು ಶುರು ಮಾಡಿದ ಈ ಆಸ್ಪತ್ರೆಗೆ ಮೇರಿ ಹೋಲ್ಡ್ಸ್‌ವರ್ತ್ ಎಂಬ ಮಿಷನರಿ ಹೆಂಗಸಿನ ನೆನಪಿಗೆ ಹೆಸರಿಟ್ಟರು. ಹೆರಿಗೆಗೆ ಹೆಸರಾದ ಆಸ್ಪತ್ರೆ ಅದು.

ಅಲ್ಲಿ 1934ರಿಂದ ಒಂದು ಶಿಸ್ತು ನಡೆದುಕೊಂಡು ಬಂದಿತ್ತು. ಪ್ರತಿ ಹೆರಿಗೆಯ ವಿವರವನ್ನೂ ಬರೆದಿಡುವುದು. ಮಗು ಹುಟ್ಟಿದ ಕೂಡಲೇ ತೂಕ ಎಷ್ಟು ಪೌಂಡು, ಉದ್ದ ಎಷ್ಟು, ತಲೆಯ ಸುತ್ತಳತೆ ಎಷ್ಟು. ತಾಯಿಯ ತೂಕ ಎಷ್ಟು. ತಾಯಿಯ ಸೊಂಟದ ಮೂಳೆಯ ಅಗಲವನ್ನೂ ಅಳೆದು ಬರೆಯುತ್ತಿದ್ದರು, ಹೆರಿಗೆ ಕಷ್ಟವಾಗಬಹುದೇ ಎಂದು ಮೊದಲೇ ಅಂದಾಜು ಮಾಡಲು.

ಹಾಗೆ ಬರೆದವರಿಗೆ ಸಕ್ಕರೆ ಕಾಯಿಲೆಯ ಯೋಚನೆ ಇರಲಿಲ್ಲ. ಆ ದಿನದ ಕೆಲಸ ಆ ದಿನ ಸರಿಯಾಗಿ ಮಾಡಿದರು, ಅಷ್ಟೇ. ಆದರೆ ಆಮೇಲೆ ಬಂದವರು ಆ ದಾಖಲೆಗಳನ್ನು ರದ್ದಿಗೆ ಹಾಕಲಿಲ್ಲ. ಮಳೆಗೆ ನೆನೆಯಲು, ಗೆದ್ದಲು ಹಿಡಿಯಲು ಬಿಡಲಿಲ್ಲ. ಮುಂದಿನ ಕತೆಗೆಲ್ಲ ಇದೇ ಬುನಾದಿ.

ಇಂಗ್ಲೆಂಡಿನಲ್ಲಿ ಎದ್ದ ಪ್ರಶ್ನೆ

ಅತ್ತ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯರಿದ್ದರು. 1986ರಲ್ಲಿ ಅವರು ಮತ್ತು ಕ್ಲೈವ್ ಆಸ್ಮಂಡ್ ಎಂಬ ಸಂಖ್ಯಾಶಾಸ್ತ್ರಜ್ಞರು ಒಂದು ವಿಚಿತ್ರವನ್ನು ತೋರಿಸಿದರು. ಆ ದೇಶದಲ್ಲಿ 1920ರ ದಶಕದಲ್ಲಿ ಎಲ್ಲೆಲ್ಲಿ ಹಸುಗೂಸುಗಳು ಹೆಚ್ಚು ಸತ್ತಿದ್ದವೋ, ಸುಮಾರು ಐವತ್ತು ವರ್ಷದ ನಂತರ ಅಲ್ಲಲ್ಲೇ ಹೃದಯದ ಕಾಯಿಲೆಯಿಂದ ಹೆಚ್ಚು ಜನ ಸಾಯುತ್ತಿದ್ದರು. ಬಡ ಊರುಗಳಲ್ಲಿ 'ಶ್ರೀಮಂತರ ಕಾಯಿಲೆ' ಯಾಕೆ ಜಾಸ್ತಿ?

ಉತ್ತರ ಹುಡುಕಲು ಹುಟ್ಟಿದ ದಿನದ ತೂಕ ಬೇಕಿತ್ತು. ಹರ್ಟ್‌ಫರ್ಡ್‌ಶೈರ್ ಜಿಲ್ಲೆಯಲ್ಲಿ ಎಥೆಲ್ ಮಾರ್ಗರೆಟ್ ಬರ್ನ್‌ಸೈಡ್ ಎಂಬ ಮೇಲ್ವಿಚಾರಕಿ ಸೂಲಗಿತ್ತಿಯರಿಂದ, ಆರೋಗ್ಯ ಸಹಾಯಕಿಯರಿಂದ ಮಕ್ಕಳ ತೂಕ ಬರೆಸಿಟ್ಟಿದ್ದರು. 1911ರಿಂದ ಬರೆದ ಪುಸ್ತಕಗಳು ಅವು. ಅವುಗಳಲ್ಲಿದ್ದ 5,654 ಗಂಡಸರ ಲೆಕ್ಕ ಹಿಡಿದು, ಶೈಶವದಲ್ಲಿ ತೂಕ ಕಡಿಮೆ ಇದ್ದವರೇ ಹೃದಯದ ಕಾಯಿಲೆಯಿಂದ ಹೆಚ್ಚು ಸತ್ತಿದ್ದಾರೆ ಎಂದು 1989ರಲ್ಲಿ ಬಾರ್ಕರ್ ತಂಡ ತೋರಿಸಿತು. ಸಣ್ಣ ತೂಕದಲ್ಲಿ ಹುಟ್ಟಿದವರಿಗೆ ಸಕ್ಕರೆ ಕಾಯಿಲೆಯೂ ಹೆಚ್ಚು ಎಂದು ಆಮೇಲೆ ತಿಳಿಯಿತು.

ಯಾಕೆ ಹೀಗೆ? ಕೆರೆಯಲ್ಲಿ ನೀರು ಕಡಿಮೆಯಾದ ವರ್ಷ ಊರಿನವರು ಏನು ಮಾಡುತ್ತಾರೆ ಎಂದು ಯೋಚಿಸಿ. ಮೊದಲು ಕುಡಿಯುವುದಕ್ಕೆ, ಆಮೇಲೆ ದನಕರುಗಳಿಗೆ, ಉಳಿದರೆ ಗದ್ದೆಗೆ. ಬಸಿರಿನಲ್ಲಿ ಆಹಾರ ಸಾಲದ ಮಗುವೂ ಹಾಗೇ ಮಾಡುತ್ತದೆ. ಮೊದಲು ಮಿದುಳನ್ನು ಕಾಪಾಡಿಕೊಳ್ಳುತ್ತದೆ. ಮಾಂಸಖಂಡ, ಮೇದೋಜ್ಜೀರಕ, ಮೂತ್ರಪಿಂಡದ ಪಾಲಿಗೆ ಖೋತಾ. ಇನ್ಸುಲಿನ್ ಮಾಡುವ ಅಂಗ ಸಣ್ಣದಾಗಿ, ಸಕ್ಕರೆ ಉರಿಸುವ ಮಾಂಸ ಕಡಿಮೆಯಾಗಿ ಹುಟ್ಟಿದ ಮೈ, ಮುಂದೆ ಊಟ ಹೆಚ್ಚಿ ದುಡಿಮೆ ತಗ್ಗಿದಾಗ ಆ ಭಾರ ತಾಳುವುದಿಲ್ಲ.

ಇದು ನಿಜವಾದರೆ, ಸಣ್ಣ ಮಕ್ಕಳು ಹೆಚ್ಚು ಹುಟ್ಟುವ ಭಾರತದಲ್ಲಿ ಏನಾಗಬೇಕು? ಅದನ್ನು ನೋಡಲು ಇಲ್ಲಿಯೂ ಅಂಥ ಹಳೇ ದಾಖಲೆ ಬೇಕು. ಹುಡುಕಿದವರಿಗೆ ಸಿಕ್ಕಿದ್ದು ಮೈಸೂರಿನ ಮಿಷನ್ ಆಸ್ಪತ್ರೆಯ ದಾಖಲೆ.

ಮನೆಮನೆ ಹುಡುಕಾಟ

1990ರ ದಶಕದ ಮೊದಲ ಭಾಗದಲ್ಲಿ ಸೌತಾಂಪ್ಟನ್ನಿನ ಕ್ಯಾರೊಲಿನ್ ಫಾಲ್, ಕ್ಲೇರ್ ಸ್ಟೈನ್, ಮೈಸೂರಿನಲ್ಲಿ ಕೆಲಸ ಮಾಡಿದ ಡಾ. ಕೆ. ಕುಮಾರನ್ ಮತ್ತವರ ಸಂಗಡಿಗರು ಈ ಕೆಲಸಕ್ಕೆ ಇಳಿದರು. ಕೇಳುವುದಕ್ಕೆ ಸುಲಭ, ಮಾಡುವುದಕ್ಕೆ ಕಷ್ಟ. ಹುಟ್ಟಿದ ದಿನ ಮಗುವಿಗೆ ಹೆಸರೇ ಇರುವುದಿಲ್ಲ. ಅಪ್ಪ ಅಮ್ಮನ ಹೆಸರು, ಹುಟ್ಟಿದ ದಿನ, ಇವೇ ಗುರುತು. ಹೆಣ್ಣುಮಕ್ಕಳು ಮದುವೆಯಾಗಿ ಬೇರೆ ಕಡೆ ಹೋಗಿರುತ್ತಾರೆ. ಊರು ಬಿಟ್ಟವರು, ತೀರಿಕೊಂಡವರು ಬೇರೆ. ಮನೆಮನೆಗೆ ಹೋಗಿ ವಿಚಾರಿಸಿ, ಹೇಳಿದ್ದನ್ನು ಹಳೇ ದಾಖಲೆಗೆ ತಾಳೆ ಹಾಕಬೇಕಾಯಿತು.

ಕೊನೆಗೆ 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಗಂಡಸರು, ಹೆಂಗಸರನ್ನು ಹೃದಯದ ತಪಾಸಣೆಗೆ ಒಳಪಡಿಸಿದರು. ಫಲಿತಾಂಶ 1996ರಲ್ಲಿ ಲ್ಯಾನ್ಸೆಟ್ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ. 11 ಮಂದಿಗೆ ಹೃದಯದ ಕಾಯಿಲೆ. 3.1 ಕಿಲೋ ಅಥವಾ ಅದಕ್ಕಿಂತ ಹೆಚ್ಚಿದ್ದವರಲ್ಲಿ ಶೇ. 3. ಮಗುವಿನ ತೂಕವೂ ಎರಡೂವರೆ ಕಿಲೋ ದಾಟದೆ, ಬಸುರಿ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆ ಇದ್ದ ಕಡೆ ಶೇ. 20.

517 ಜನ ಎಂದರೆ ಸಣ್ಣ ಗುಂಪೇ. ಆದರೂ ಅದು ಇಂಗ್ಲೆಂಡಿನ ಲೆಕ್ಕದ ದಿಕ್ಕಿನಲ್ಲೇ ಇತ್ತು. ತಾಯಿಯ ತಟ್ಟೆಯಲ್ಲಿ ಕಡಿಮೆಯಾದದ್ದು ಐವತ್ತು ವರ್ಷ ಬಿಟ್ಟು ಮಗನ ಎದೆಯಲ್ಲಿ ಕಾಣಿಸಿಕೊಂಡಿತ್ತು.

ಲೆಕ್ಕ ತಪ್ಪಿಸಿದ ಸಕ್ಕರೆ

ಸಕ್ಕರೆ ಕಾಯಿಲೆಯಲ್ಲೂ ಹೀಗೇ ಇರುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಹಾಗಾಗಲಿಲ್ಲ. ಅದೇ ದಾಖಲೆಯಿಂದ 39ರಿಂದ 60 ವರ್ಷದ 506 ಜನರನ್ನು ಪರೀಕ್ಷಿಸಿ 1998ರಲ್ಲಿ ಪ್ರಕಟಿಸಿದ ವರದಿ ಬೇರೆಯದನ್ನೇ ಹೇಳಿತು. ಮೈಸೂರಿನಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿದ್ದದ್ದು ಹುಟ್ಟುವಾಗ ಉದ್ದ ಕಡಿಮೆಯಾಗಿ, ಆ ಉದ್ದಕ್ಕೆ ಹೋಲಿಸಿದರೆ ದಪ್ಪಗೆ ಇದ್ದವರಲ್ಲಿ. ಅವರ ತಾಯಂದಿರ ತೂಕವೂ ಹೆಚ್ಚಿತ್ತು, ಸೊಂಟದ ಅಳತೆಯೂ ಹೆಚ್ಚಿತ್ತು. ಹೆರಿಗೆ ಕಷ್ಟವಾದೀತೇ ಎಂದು ನೋಡಲು ನರ್ಸಮ್ಮಂದಿರು ತೆಗೆದಿಟ್ಟ ಸೊಂಟದ ಅಳತೆ ಇಲ್ಲಿ ಬೇರೆ ಕೆಲಸಕ್ಕೆ ಬಂತು.

ಗುಂಡಗುಂಡಗಿದ್ದ ಮಕ್ಕಳಿಗೇ ಯಾಕೆ ಕಾಯಿಲೆ? ಸಂಶೋಧಕರು ಒಂದು ಊಹೆ ಮುಂದಿಟ್ಟರು. ಆ ತಾಯಂದಿರಿಗೆ ಬಸಿರಿನಲ್ಲೇ ಸಕ್ಕರೆ ಏರಿದ್ದಿರಬೇಕು.

ಅದು ಹೀಗೆ. ಬಡತನದಲ್ಲಿ ಸಣ್ಣದಾಗಿ ಹುಟ್ಟಿದ ಹೆಣ್ಣುಮಗುವಿನ ಮೈಯಲ್ಲಿ ಇನ್ಸುಲಿನ್ ಶಕ್ತಿ ಮೊದಲೇ ಕಡಿಮೆ. ಬೆಳೆದು ಮದುವೆಯಾದ ಮೇಲೆ ಊಟ ಸುಧಾರಿಸಿ ಮೈ ತುಂಬಿಕೊಳ್ಳುತ್ತದೆ. ಬಸಿರಾದಾಗ ಯಾವ ಹೆಂಗಸಿನ ಮೈಗೂ ಇನ್ಸುಲಿನ್ ಹೆಚ್ಚು ಬೇಕು. ಇವಳಲ್ಲಿ ಅದು ಸಾಲದೆ ರಕ್ತದ ಸಕ್ಕರೆ ಏರುತ್ತದೆ. ಆ ಸಕ್ಕರೆ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ. ತಾಯಿಯ ಇನ್ಸುಲಿನ್ ಮಾತ್ರ ದಾಟುವುದಿಲ್ಲ. ಮಗು ತನ್ನದೇ ಇನ್ಸುಲಿನ್ ಹೆಚ್ಚು ಹೆಚ್ಚು ಮಾಡಿ ಬಂದ ಸಕ್ಕರೆಯನ್ನು ಕೊಬ್ಬಾಗಿಸಿಕೊಳ್ಳುತ್ತದೆ. ಹುಟ್ಟಿದಾಗ ನೋಡಿದವರು ಮಗು ಚೆನ್ನಾಗಿ ಮೈಕೈ ತುಂಬಿಕೊಂಡಿದೆ ಎನ್ನುತ್ತಾರೆ. ಆದರೆ ಕಾಯಿಲೆಯ ಬೀಜ ಅಲ್ಲೇ ಬಿದ್ದಿರುತ್ತದೆ.

ಊಹೆ ಚೆನ್ನಾಗಿತ್ತು. ಆದರೆ ಹಳೇ ದಾಖಲೆಯಲ್ಲಿ ತಾಯಂದಿರ ರಕ್ತದ ಸಕ್ಕರೆ ಬರೆದಿರಲಿಲ್ಲ. ಆಗ ಅದನ್ನು ನೋಡುವ ರೂಢಿಯೇ ಇರಲಿಲ್ಲ. ಇನ್ನು ಉಳಿದದ್ದು ಒಂದೇ ದಾರಿ, ಹೊಸದಾಗಿ ಬರೆಯಲು ಶುರು ಮಾಡುವುದು.

830 ಬಸುರಿಯರು

1997ರ ಜೂನ್‌ನಿಂದ 1998ರ ಆಗಸ್ಟ್‌ವರೆಗೆ ಅದೇ ಆಸ್ಪತ್ರೆಗೆ ತೋರಿಸಿಕೊಳ್ಳಲು ಬಂದ 830 ಬಸುರಿಯರು ಒಪ್ಪಿ ಪರೀಕ್ಷೆಗೆ ಸೇರಿದರು. ಸುಮಾರು ಮೂವತ್ತನೇ ವಾರದಲ್ಲಿ ಗ್ಲೂಕೋಸ್ ನೀರು ಕುಡಿಸಿ ರಕ್ತ ಪರೀಕ್ಷೆ ಮಾಡಿದರು. ಇದಕ್ಕೆ ಮೈಸೂರು ಪಾರ್ಥೆನಾನ್ ಅಧ್ಯಯನ ಎಂದು ಹೆಸರು. ಹಣ ಕೊಟ್ಟ ಪಾರ್ಥೆನಾನ್ ಟ್ರಸ್ಟ್‌ನಿಂದ ಬಂದ ಹೆಸರು ಅದು. ಮುಂದೆ ಈ ಮಕ್ಕಳನ್ನು ವರ್ಷವರ್ಷ ಹಿಂಬಾಲಿಸಿ ಬರೆದವರಲ್ಲಿ ಮೈಸೂರಿನ ಡಾ. ಜಿ.ವಿ. ಕೃಷ್ಣವೇಣಿ ಮುಖ್ಯರು.

ಅದೇ ಆಸ್ಪತ್ರೆಯಲ್ಲಿ ಹೆರಿಗೆಯಾದ 785 ತಾಯಂದಿರಲ್ಲಿ ಶೇ. 6.2 ಮಂದಿಗೆ ಬಸಿರಿನ ಸಕ್ಕರೆ ಕಾಯಿಲೆ ಇತ್ತು. ಅಂದರೆ ಹದಿನಾರು ಬಸುರಿಯರಿಗೆ ಒಬ್ಬರು.

ಅವರ ಮಕ್ಕಳು ಹುಟ್ಟುವಾಗ ಉಳಿದವರ ಮಕ್ಕಳಿಗಿಂತ ದೊಡ್ಡದಾಗಿದ್ದವು. ಒಂದು ವರ್ಷ ತುಂಬುವಾಗ ವ್ಯತ್ಯಾಸ ಕಾಣಲಿಲ್ಲ. ಎಲ್ಲ ಸರಿಹೋಯಿತು ಅಂದುಕೊಳ್ಳಬಹುದಿತ್ತು. ಆದರೆ ಐದು ವರ್ಷಕ್ಕೆ ಮತ್ತೆ ನೋಡಿದಾಗ, ಆ ತಾಯಂದಿರ ಹೆಣ್ಣುಮಕ್ಕಳಲ್ಲಿ ಬೆನ್ನು ಮತ್ತು ತೋಳಿನ ಚರ್ಮದ ಕೆಳಗಿನ ಕೊಬ್ಬು ಹೆಚ್ಚಿತ್ತು. ಗ್ಲೂಕೋಸ್ ಕುಡಿಸಿದಾಗ ಅವರ ಮೈ ಉಳಿದವರಿಗಿಂತ ಹೆಚ್ಚು ಇನ್ಸುಲಿನ್ ಸುರಿಯುತ್ತಿತ್ತು. ಒಂಬತ್ತೂವರೆ ವರ್ಷಕ್ಕೂ ಆ ವ್ಯತ್ಯಾಸ ಉಳಿದಿತ್ತು.

ವಂಶದಿಂದ ಬಂದದ್ದು ಅನ್ನೋಣವೇ? ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದ ಮಕ್ಕಳನ್ನೂ ಅವರು ನೋಡಿದರು. ಆ ಮಕ್ಕಳು ಹುಟ್ಟುವಾಗ ತೂಕ ಕಡಿಮೆ ಇದ್ದವು, ಐದು ವರ್ಷಕ್ಕೆ ಮೈಯ ಅಳತೆಯಲ್ಲಿ ಬೇರೆ ಮಕ್ಕಳಿಗಿಂತ ವ್ಯತ್ಯಾಸ ಇರಲಿಲ್ಲ. ಅಂದರೆ ರಕ್ತಸಂಬಂಧವೊಂದೇ ಕಾರಣವಲ್ಲ, ಒಂಬತ್ತು ತಿಂಗಳು ಕಳೆದ ಜಾಗವೂ ಲೆಕ್ಕಕ್ಕೆ ಬರುತ್ತದೆ.

ಆ ಹೆಣ್ಣುಮಕ್ಕಳು ನಾಳೆ ತಾಯಂದಿರಾಗುತ್ತಾರೆ. ಸುತ್ತು ಮತ್ತೆ ಶುರುವಾಗುತ್ತದೆ.

ತಾಯಂದಿರ ಕತೆ ಇನ್ನೂ ಗಟ್ಟಿಯಾಗಿ ಎಚ್ಚರಿಸುತ್ತದೆ. ಬಸಿರಿನಲ್ಲಿ ಸಕ್ಕರೆ ಬಂದಿದ್ದವರಲ್ಲಿ ಐದು ವರ್ಷದೊಳಗೆ ಶೇ. 37 ಮಂದಿಗೆ ಸಕ್ಕರೆ ಕಾಯಿಲೆ ನೆಲೆಯೂರಿತ್ತು. ಬಸಿರಿನಲ್ಲಿ ಸಕ್ಕರೆ ಬಾರದಿದ್ದವರಲ್ಲಿ ಅದು ಬರೀ ಶೇ. 2. ಹೆರಿಗೆಯಾಯಿತು, ಸಕ್ಕರೆ ಇಳಿಯಿತು, ಇನ್ನೇನು ಭಯವಿಲ್ಲ ಎಂದು ಸುಮ್ಮನಾಗುವ ಮನೆಗಳಿಗೆ ಈ ಎರಡು ಅಂಕಿ ಸಾಕು.

ಬಿ-12 ಎಂಬ ಇನ್ನೊಂದು ಎಳೆ

ಅದೇ ಬಸುರಿಯರ ರಕ್ತದಲ್ಲಿ ವಿಟಮಿನ್ ಬಿ-12 ಎಷ್ಟಿದೆ ಎಂದೂ ನೋಡಿದರು. ಶೇ. 43 ಮಂದಿಗೆ ಅದು ಕಡಿಮೆ ಇತ್ತು. ಕಡಿಮೆ ಇದ್ದವರಲ್ಲಿ ಮೈ ದಪ್ಪವೂ ಹೆಚ್ಚು, ಬಸಿರಿನ ಸಕ್ಕರೆ ಕಾಯಿಲೆಯೂ ಹೆಚ್ಚು: ಶೇ. 8.7. ಸಾಕಷ್ಟು ಇದ್ದವರಲ್ಲಿ ಶೇ. 4.6. ಇದು 2009ರಲ್ಲಿ ಪ್ರಕಟವಾಯಿತು. ಬಿ-12 ಕಡಿಮೆಯಾದದ್ದೇ ಕಾಯಿಲೆಗೆ ಕಾರಣ ಎಂದು ಇದರಿಂದ ತೀರ್ಪು ಕೊಡಲಾಗದು. ಎರಡೂ ಒಟ್ಟಿಗೆ ಕಾಣಿಸುತ್ತವೆ ಎಂದಷ್ಟೇ ಹೇಳಬಹುದು.

ಆದರೆ ಒಂದು ವಿಷಯ ತಿಳಿದಿರಲಿ. ಬಿ-12 ಇರುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ. ರಾಗಿ, ಸೊಪ್ಪು, ಅವರೆಕಾಳಿನಲ್ಲಿ ಬೇರೆ ಒಳ್ಳೆಯ ಗುಣಗಳಿವೆ, ಇದು ಇಲ್ಲ. ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಕಬ್ಬಿಣ, ಫೋಲಿಕ್ ಆಸಿಡ್ ಇರುತ್ತವೆ, ಬಿ-12 ಇರುವುದಿಲ್ಲ. ಹಾಲನ್ನೆಲ್ಲ ಡೇರಿಗೆ ಹಾಕಿ ಮನೆಯ ಬಸುರಿಗೆ ಕರೀ ಕಾಫಿ ಕೊಡುವ ಮನೆಗಳು ಈ ಸಾಲನ್ನು ಎರಡು ಸಲ ಓದಬೇಕು.

ಹಳ್ಳಿಯ ಪುಸ್ತಕ ಎಲ್ಲಿ?

ಈ ಇತಿಹಾಸದಲ್ಲಿ ಒಂದು ದೊಡ್ಡ ಖಾಲಿ ಜಾಗ ಇದೆ. 1934ರಿಂದ 1954ರ ನಡುವೆ ನಮ್ಮ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಹೆರಿಗೆ ಆಗುತ್ತಿದ್ದದ್ದು ಮನೆಯ ಕೋಣೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಆ ಅಜ್ಜಿಯರ ಕೈಗುಣ ದೊಡ್ಡದು. ಆದರೆ ಅವರ ಹತ್ತಿರ ತಕ್ಕಡಿ ಇರಲಿಲ್ಲ, ಪುಸ್ತಕ ಇರಲಿಲ್ಲ. ಎಷ್ಟೋ ಹಿರಿಯರಿಗೆ ಹುಟ್ಟಿದ ದಿನವೇ ಗೊತ್ತಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಹಾಕಿದ್ದೇ ದಿನಾಂಕ.

ಹಾಗಾಗಿ ನಗರದ ಆಸ್ಪತ್ರೆಯಲ್ಲಿ ಹುಟ್ಟಿದವರ ಲೆಕ್ಕವನ್ನು ಹಾಡಿಯಲ್ಲಿ, ಹಟ್ಟಿಯಲ್ಲಿ ಹುಟ್ಟಿದವರಿಗೆ ಹಾಗೇ ಅನ್ವಯಿಸುವುದು ಸರಿಯಲ್ಲ. ಹಳ್ಳಿಯ ಮಕ್ಕಳ ಬಗ್ಗೆ ಇಂಥ ಕೆಲಸ ದೊಡ್ಡದಾಗಿ ನಡೆದದ್ದು ಮಹಾರಾಷ್ಟ್ರದ ಪುಣೆ ಸುತ್ತಿನ ಆರು ಹಳ್ಳಿಗಳಲ್ಲಿ, 1993ರಿಂದ, ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡದಿಂದ. ಅಲ್ಲಿನ ಮಕ್ಕಳ ಸರಾಸರಿ ತೂಕ 2.7 ಕಿಲೋ. ಇಂಗ್ಲೆಂಡಿನ ಸೌತಾಂಪ್ಟನ್ ಮಕ್ಕಳದು 3.5 ಕಿಲೋ. ಪುಣೆಯ ಮಕ್ಕಳಲ್ಲಿ ಮಾಂಸ ಕಡಿಮೆ, ಆದರೆ ಬೆನ್ನಿನ ಚರ್ಮದ ಕೆಳಗಿನ ಕೊಬ್ಬು ಹೆಚ್ಚುಕಡಿಮೆ ಇಂಗ್ಲೆಂಡಿನ ಮಕ್ಕಳಷ್ಟೇ. ಮೈಸೂರಿನ ಮಕ್ಕಳಲ್ಲೂ ಇದೇ ಲಕ್ಷಣ ಕಂಡಿದೆ. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಮೈಯಲ್ಲಿ ಮಾಂಸವಿಲ್ಲದ ನಮ್ಮವರಿಗೂ ಸಕ್ಕರೆ ಕಾಯಿಲೆ ಯಾಕೆ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಇದು.

ಇನ್ನೊಂದು ಭಾಗ ನಮ್ಮ ಕಣ್ಣೆದುರೇ ಇದೆ. ಮುದ್ದೆಯ ಜಾಗಕ್ಕೆ ಅನ್ನ ಬಂದಿದೆ. ನಡೆದು ಹೋಗುತ್ತಿದ್ದ ಹೊಲಕ್ಕೆ ಬೈಕ್ ಹೋಗುತ್ತದೆ, ನೇಗಿಲಿನ ಕೆಲಸ ಟ್ರ್ಯಾಕ್ಟರ್ ಮಾಡುತ್ತದೆ. ಬರಗಾಲಕ್ಕೆ ಅಳತೆ ಮಾಡಿ ಹೊಲಿದ ಅಂಗಿಯಂಥ ಮೈಗೆ ಸುಗ್ಗಿ ಕಾಲ ಬಂದಿದೆ.

ಈಗ ನಮ್ಮ ಕೈಯಲ್ಲಿರುವುದು

ಅಂದು ಇಲ್ಲದ್ದು ಇಂದು ನಮ್ಮ ಊರುಗಳಲ್ಲಿದೆ. ಬಸುರಿಯರ ಕೈಯಲ್ಲಿ ತಾಯಿ ಕಾರ್ಡ್ ಇದೆ. ಆಶಾ ಕಾರ್ಯಕರ್ತೆ ಇದ್ದಾರೆ, ಅಂಗನವಾಡಿಯಲ್ಲಿ ತಕ್ಕಡಿ ಇದೆ. ಮಿಷನ್ ಆಸ್ಪತ್ರೆಯ ನರ್ಸಮ್ಮಂದಿರು ಬರೆದಿಟ್ಟ ತಾಯಿಯ ತೂಕ, ಮಗುವಿನ ತೂಕ ಈಗ ನಮ್ಮ ಮನೆಯ ಕಾರ್ಡಿನಲ್ಲೇ ಇರುತ್ತವೆ. ಅವುಗಳನ್ನು ಬಳಸಿಕೊಳ್ಳಬೇಕು.

ಪ್ರತಿ ಬಸುರಿಗೂ ಸಕ್ಕರೆ ಪರೀಕ್ಷೆ ಆಗಬೇಕು ಎಂದು ಕೇಂದ್ರ ಆರೋಗ್ಯ ಇಲಾಖೆಯ ಮಾರ್ಗಸೂಚಿ ಹೇಳುತ್ತದೆ. ಮೊದಲ ಸಲ ತೋರಿಸಲು ಹೋದಾಗ ಒಮ್ಮೆ, 24ರಿಂದ 28ನೇ ವಾರದೊಳಗೆ ಮತ್ತೊಮ್ಮೆ. ಊಟ ಮಾಡಿದ್ದರೂ ಪರವಾಗಿಲ್ಲ. 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. 140 ಅಥವಾ ಹೆಚ್ಚು ಬಂದರೆ ಬಸಿರಿನ ಸಕ್ಕರೆ ಕಾಯಿಲೆ. ಆಗ ಹೆದರಬೇಕಾಗಿಲ್ಲ. ಹೆಚ್ಚಿನವರಿಗೆ ಊಟದ ಕ್ರಮ, ನಡಿಗೆಯಿಂದಲೇ ಹತೋಟಿಗೆ ಬರುತ್ತದೆ. ಬಾರದಿದ್ದರೆ ವೈದ್ಯರು ಔಷಧಿ ಕೊಡುತ್ತಾರೆ. ಎರಡು ಗಂಟೆ ಕಾಯಬೇಕಲ್ಲ, ಬಸ್ಸು ತಪ್ಪುತ್ತದಲ್ಲ ಎಂದು ಪರೀಕ್ಷೆ ಬಿಟ್ಟು ಬರಬೇಡಿ. ಜೊತೆಗೆ ಹೋದ ಗಂಡ, ಅತ್ತೆ ಈ ಮಾತನ್ನು ನೆನಪಿಡಬೇಕು.

ಬಸಿರಿನಲ್ಲಿ ಸಕ್ಕರೆ ಬಂದಿದ್ದವರು ಹೆರಿಗೆಯಾಗಿ ಆರು ವಾರಕ್ಕೆ ಮತ್ತೆ ಪರೀಕ್ಷೆ ಮಾಡಿಸಬೇಕು. ಆಮೇಲೆ ವರ್ಷಕ್ಕೊಮ್ಮೆ. ಆರು ವಾರ ಎಂದರೆ ಬಾಣಂತಿ ತವರಿನಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ಒಳಗೆ ಮಲಗಿರುವ ಕಾಲ. ಅದೇ ಕಾರಣಕ್ಕೆ ಈ ಪರೀಕ್ಷೆ ತಪ್ಪಿಹೋಗುತ್ತದೆ. ಮಗುವಿಗೆ ಆರು ವಾರದ ಲಸಿಕೆ ಹಾಕಿಸಲು ಹೋಗುವ ದಿನವೇ ತಾಯಿಯ ರಕ್ತವನ್ನೂ ನೋಡಿಸಿದರೆ ಒಂದೇ ಓಡಾಟದಲ್ಲಿ ಎರಡು ಕೆಲಸ ಮುಗಿಯುತ್ತದೆ.

ಕೊನೆಯದಾಗಿ, ತಾಯಿ ಕಾರ್ಡನ್ನು ಹೆರಿಗೆ ಮುಗಿದ ಮೇಲೆ ಬಿಸಾಡಬೇಡಿ. ರೇಷನ್ ಕಾರ್ಡು, ಪಹಣಿ ಇಡುವ ಪೆಟ್ಟಿಗೆಯಲ್ಲೇ ಅದನ್ನೂ ಇಡಿ. ನಿಮ್ಮ ಮಗಳು ಎಷ್ಟು ತೂಕದಲ್ಲಿ ಹುಟ್ಟಿದಳು, ಆಗ ನಿಮಗೆ ಸಕ್ಕರೆ ಎಷ್ಟಿತ್ತು ಎಂಬುದು ಇಪ್ಪತ್ತೈದು ವರ್ಷದ ನಂತರ ಅವಳು ಬಸಿರಾದಾಗ ವೈದ್ಯರಿಗೆ ಬೇಕಾಗುತ್ತದೆ. ನಮ್ಮ ಅಜ್ಜಿಯರು ಅವರ ಮಕ್ಕಳಿಗೆ ಕೊಡಲಾಗದೆ ಹೋದ ಆ ಒಂದು ಹಾಳೆಯನ್ನು ನೀವು ನಿಮ್ಮ ಮಗಳಿಗೆ ಕೊಡಬಹುದು.